ಹೆಚ್ಚಿನ ಅಕ್ಕಿ



ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಶಿವಭಕ್ತರ ಮನೆಯಿಲ್ಲ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಸತಿ ಲಕ್ಕಮ್ಮನು ಹೆಚ್ಚಿನದನ್ನು ತಂದೆಡೆಯಲ್ಲಿಯೆ ಸುರಿದು ಬರಬೇಕೆಂದಳು. ಆ ಅಕ್ಕಿ ಕದ್ದುದಲ್ಲ. ಆದರೂ ಅವಶ್ಯಕತೆಯನ್ನು ಮೀರಿದುದು ಆಸೆಯ ಅಂಶವೆಂದೂ, ಆಸೆ ಬೆರೆತುದು ಲಿಂಗಾರ್ಪಿತಕ್ಕೆ ಸಲ್ಲದೆಂದೂ ಆ ಮಹಾತಾಯಿ ಬಗೆದಳು.

ಇದನ್ನು ವರ್ಷವರ್ಷವೂ ಮಕ್ಕಳಿಗೆ ಬೋಧಿಸುತ್ತ ಬಂದ ನಾನೇ ಒಮ್ಮೆ ಮರೆತೆನು. ಪರಿಚಿತರಾದ ಭಕ್ತರೊಬ್ಬರು ಜಮೀನಿನ ಖಾತೆ ಬದಲಾವಣೆ ತಡವಾಗಿದೆಯೆಂದು ಬಂದು, ಅಲ್ಲಿಯ ಅಧಿಕಾರಿ ನನ್ನ ಹಳೆಯ ವಿದ್ಯಾರ್ಥಿಯೆಂದು ನೆನಪಿಸಿ, ಒಂದು ಚೀಟಿಯನ್ನು ಬೇಡಿದರು. ಬರೆದುಕೊಟ್ಟೆನು, ಕೆಲಸವಾಯಿತು. ಅವರು ತಂದ ಹಣ್ಣಿನ ಬುಟ್ಟಿಯನ್ನು ಗುರುಕಾಣಿಕೆಯೆಂದು ಸ್ವೀಕರಿಸಿದೆನು. ಅವರಿಗಿಂತ ಮೊದಲೇ ಅರ್ಜಿ ಕೊಟ್ಟಿದ್ದ ವಿಧವೆಯೊಬ್ಬರ ಕಡತವು ಅದರಿಂದ ಹಿಂದೆ ಬಿದ್ದಿತೆಂಬುದು ಬಹುದಿನಗಳ ಮೇಲೆ ತಿಳಿಯಿತು. ಮಾರಯ್ಯನು ಅಕ್ಕಿಯನ್ನು ಹಿಂದೆ ಸುರಿಯಬಲ್ಲವನಾಗಿದ್ದನು. ನಾವಾದರೋ ಹಣ್ಣನ್ನು ತಿಂದು ಮುಗಿಸಿದ್ದೆವು.

2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ಆರಂಭವಾದ ಮೇಲೆ ನಮ್ಮ ಸೀಮೆಯ ಹೊಲಗಳ ಬೆಲೆ ಏರಿತು. ಬೆಲೆಯೊಡನೆ ಆತುರವೂ, ಆತುರದೊಡನೆ ಮಧ್ಯವರ್ತಿಗಳೂ ಬೆಳೆದರು. ಅಮೆರಿಕೆಯಲ್ಲಿ ಪರರ ಪರವಾಗಿ ಹಣ ಪಡೆದು ಲಾಬಿ ನಡೆಸುವವರು ಹೆಸರನ್ನು ನೋಂದಾಯಿಸಬೇಕೆಂದು 1995ರ ಕಾಯಿದೆ ವಿಧಿಸಿದೆ. ನಮ್ಮಲ್ಲಿ ಲಾಬಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಆದರೆ 1988ರ ಭ್ರಷ್ಟಾಚಾರ ನಿರೋಧ ಕಾಯಿದೆಯು ನೌಕರನಿಂದ ಅನುಚಿತವಾಗಿ ಕೆಲಸ ಮಾಡಿಸಲು ತನ್ನ ಪ್ರಭಾವವನ್ನು ಪ್ರತಿಫಲಕ್ಕೆ ಮಾರುವವನನ್ನೂ ಶಿಕ್ಷಿಸುತ್ತದೆ. 2018ರ ತಿದ್ದುಪಡಿಯಿಂದ ಲಂಚ ಕೊಡುವುದೇ ಸ್ವತಂತ್ರ ಅಪರಾಧವಾಗಿದೆ. 7 ವರ್ಷಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಬಲವಂತಕ್ಕೆ ಸಿಕ್ಕಿ ಕೊಟ್ಟವನು 7 ದಿನಗಳೊಳಗೆ ತನಿಖಾಧಿಕಾರಿಗಳಿಗೆ ತಿಳಿಸಿದರೆ ಮಾತ್ರ ಅವನಿಗೆ ರಕ್ಷಣೆಯುಂಟು. ಇದನ್ನು ಓದಿದಾಗ, ನನ್ನ ಚೀಟಿಯೂ ಬುಟ್ಟಿಯೂ ಯಾವ ಗಡಿಯ ಬಳಿ ನಿಂತಿದ್ದುವೆಂದು ತಿಳಿದು ನಾಚಿದೆನು.

ಹಾಗಾದರೆ ಸರಕಾರವನ್ನು ಕೇಳಲೇಬಾರದೆ? ಕೇಳಬೇಕು, ಬಹಿರಂಗವಾಗಿ ಕೇಳಬೇಕು. ಕೆರೆಯ ಏರಿ ಒಡೆದಿದೆಯೆಂದು ಊರವರೆಲ್ಲ ಸಹಿ ಮಾಡಿ ಮನವಿ ಕೊಡುವುದು ಧರ್ಮವೇ ಸರಿ. ಎಲ್ಲರೆದುರು ಓದಬಹುದಾದ ಮನವಿ ಪ್ರಜೆಯ ಹಕ್ಕು. ಕಿವಿಯಲ್ಲಿ ಉಸುರಬೇಕಾದ ಮಾತು ಪರರ ಸರದಿಯ ಕಳವು. 2011ರ ಸಕಾಲ ಕಾಯಿದೆಯು ತನ್ನ ಪಟ್ಟಿಯ ಸೇವೆಗಳಿಗೆ ಅವಧಿಯನ್ನು ಗೊತ್ತುಮಾಡಿದೆ. ಅರ್ಜಿಯ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಿರಿ. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವುಂಟು. ಲಂಚ ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತಕ್ಕೆ ದೂರು ಕೊಡಿರಿ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಹೊನ್ನು ಜಂಗಮರ ಪಾಲಾಯಿತೆಂದು ದೂರು ಬಂದಾಗ ಲೆಕ್ಕವನ್ನು ಮುಂದಿಟ್ಟು ಒಪ್ಪಿಸಿದರೆಂದು ಪುರಾತನರು ಹೇಳುತ್ತಾರೆ. ದಾಸೋಹದಂಥ ಪುಣ್ಯಕಾರ್ಯಕ್ಕೂ ರಾಜ್ಯದ ಧನವನ್ನು ಮುಟ್ಟದಿದ್ದವರ ಮಕ್ಕಳೆನಿಸಿದ ನಾವು, ಒಂದು ಖಾತೆಗಾಗಿ ಕಚೇರಿಯ ಧರ್ಮವನ್ನು ಕೆಡಿಸಬಹುದೆ?

ಆ ವಿದ್ಯಾರ್ಥಿಗೆ ಇನ್ನೊಂದು ಚೀಟಿ ಬರೆದೆನು: ನನ್ನ ಹೆಸರು ಹೇಳಿ ಬಂದವರ ಕಡತವನ್ನು ಸರದಿಯಿಂದ ಕದಲಿಸಬೇಡವೆಂದು. ಬಾಗಿಲಿಗೆ ಬಂದವರಿಗೆ ಈಗ ಅರ್ಜಿ ಬರೆದುಕೊಡುತ್ತೇನೆ, ಶಿಫಾರಸನ್ನಲ್ಲ. ಗೃಹಸ್ಥರೆ, ನಿಮ್ಮ ಮನೆಯ ಲಕ್ಕಮ್ಮನು ಪ್ರಶ್ನಿಸಿದಾಗ ಕಿವಿಗೊಡಿರಿ.