ಒಂದು ಕುಂಡದಲ್ಲಿ ಎಷ್ಟು ಜೀವ?

ಪೊದೆಯಾಗಿ ಬೆಳೆಯುವ ಅರೆಕಾ ಪಾಮ್‌ನ ಬುಡದಲ್ಲಿ ಮೊನಚು ತುದಿಯೊಂದು ಮಣ್ಣು ಸೀಳಿಕೊಂಡು ಬಂದರೆ ಅದು ಹೊಸ ಕಂದು. ನೆತ್ತಿಯ ನಡುವಿನಿಂದ ಬಿಗಿಯಾಗಿ ಸುತ್ತಿಕೊಂಡು ನೆಟ್ಟಗೆ ಏಳುವುದು ಸುಳಿ. ಬಿಚ್ಚಿಕೊಂಡಾಗ ಅದೇ ಸೋಗೆ. ಹೂವಿನ ದಾರಿ ಬೇರೆ. ಅದು ಕಾಂಡದ ಪಕ್ಕದಲ್ಲಿ, ಎಲೆಯ ಹಾಳೆ ಅಂಟಿಕೊಂಡಿರುವ ಕಡೆ, ಚಪ್ಪಟೆ ಕವಚದೊಳಗೆ ಉಬ್ಬಿಕೊಂಡು ಬರುತ್ತದೆ. ಕವಚ ಒಡೆದರೆ ಒಳಗಿರುವುದು ಎಲೆಯ ಮಡಿಕೆಯಲ್ಲ, ಕವಲೊಡೆದ ಎಳೆಗಳು. ಎಳೆಗಳ ತುಂಬ ಮಣಿಮಣಿ ಮೊಗ್ಗು. ಅಡಿಕೆಯ ಹಿಂಗಾರ ನೋಡಿ ಬೆಳೆದವರಿಗೆ ಇದನ್ನು ಗುರುತಿಸುವುದು ಕಷ್ಟವಲ್ಲ.

ಕಷ್ಟ ಇರುವುದು ಮುಂದಿನ ಪ್ರಶ್ನೆಯಲ್ಲಿ. ಕಂದು ಬಂದಾಗ ಹೊಸ ಜೀವವೊಂದು ಹುಟ್ಟಿತೋ, ಇದ್ದ ಜೀವವೇ ಇನ್ನಷ್ಟು ಹರಡಿತೋ?

ಕ್ಯಾರಿಯೋಟಾ ಮಿಟಿಸ್ ಎಂಬ ಪಾಮ್ ಬೆಳೆಸಿದವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ಮೀನಿನ ಬಾಲದಂಥ ಎಲೆಯ ಇದು ಮಲೆನಾಡಿನ ಬೈನೆ ಮರದ ಹತ್ತಿರದ ಬಂಧು. ಕಾಂಡ ಬಲಿತ ಮೇಲೆ ಮೊದಲ ಹೂಗೊನೆ ತುದಿಯಲ್ಲಿ ಬರುತ್ತದೆ, ಮುಂದಿನದು ಅದರ ಕೆಳಗೆ, ಆಮೇಲಿನದು ಇನ್ನೂ ಕೆಳಗೆ. ಕೊನೆಯ ಗೊನೆ ಹಣ್ಣಾಗುವುದರೊಂದಿಗೆ ಕಾಂಡದ ಆಯುಸ್ಸೂ ಮುಗಿಯುತ್ತದೆ. ಬೈನೆಗೆ ಇರುವುದು ಒಂದೇ ಕಾಂಡವಾದ್ದರಿಂದ ಅಲ್ಲಿಗೆ ಮರದ ಕಥೆಯೇ ಮುಗಿಯಿತು. ಮಿಟಿಸ್‌ನಲ್ಲಿ ಹಾಗಲ್ಲ, ಒಣಗಿದ ಕಾಂಡದ ಪಕ್ಕದಲ್ಲೇ ಉಳಿದವು ಹಸಿರಾಗಿರುತ್ತವೆ, ಬುಡದಲ್ಲಿ ಕಂದುಗಳು ಏಳುತ್ತಲೇ ಇರುತ್ತವೆ. ಹಾಗಾದರೆ ಸತ್ತದ್ದು ಯಾರು?

ಛಾಂದೋಗ್ಯ ಉಪನಿಷತ್ತಿನ 6ನೇ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಮರವನ್ನೇ ಮುಂದಿಟ್ಟುಕೊಂಡು ಪಾಠ ಹೇಳುತ್ತಾನೆ. ಜೀವ ಒಂದು ಕೊಂಬೆಯನ್ನು ಬಿಟ್ಟರೆ ಆ ಕೊಂಬೆ ಒಣಗುತ್ತದೆ, ಇಡೀ ಮರವನ್ನು ಬಿಟ್ಟರೆ ಮರವೇ ಒಣಗುತ್ತದೆ. ಸಾಯುವುದು ಜೀವ ತೊರೆದ ದೇಹವೇ ಹೊರತು ಜೀವವಲ್ಲ ಎಂಬುದು ಅವನ ವಾದ. ಈ ದೃಷ್ಟಿಯಿಂದ ಮಿಟಿಸ್‌ನ ಒಣಕಾಂಡ ಜೀವ ತೊರೆದ ಕೊಂಬೆ ಅಷ್ಟೇ. ಸಮಾಧಾನ ಕೊಡುವ ಉತ್ತರ ನಿಜ. ಆದರೆ ರಾಪಿಸ್ ಪಾಮ್‌ನ ಕುಂಡ ಬದಲಿಸುವವರು ಮಣ್ಣಿನಡಿಯ ಗುಪ್ತಕಾಂಡವನ್ನು ಕತ್ತರಿಸಿ ಎರಡು ಕಡೆ ನೆಡುತ್ತಾರೆ. ಬೇರು ಸಾಕಷ್ಟಿದ್ದರೆ ಎರಡೂ ಚಿಗುರುತ್ತವೆ. ಕತ್ತಿಯ ಒಂದು ಏಟಿಗೆ ಜೀವವೂ ಎರಡಾಯಿತೇ? ಕೊಂಬೆಯ ದೃಷ್ಟಾಂತ ಇಲ್ಲಿ ಸಾಲುವುದಿಲ್ಲ.

ಜೈನರು ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ನೋಡಿದ್ದಾರೆ. ಅವರಲ್ಲಿ ಸಸ್ಯಗಳು ಎರಡು ಬಗೆ: ಒಂದು ದೇಹಕ್ಕೆ ಒಂದೇ ಜೀವವಿರುವ ಪ್ರತ್ಯೇಕ, ಒಂದೇ ದೇಹದಲ್ಲಿ ಅನಂತ ಜೀವಗಳು ಕೂಡಿರುವ ಸಾಧಾರಣ. ಗೆಡ್ಡೆಗೆಣಸು ತಿನ್ನಬಾರದೆಂಬ ನೇಮದ ಹಿಂದೆ ಇರುವುದೂ ಈ ವಿಂಗಡಣೆಯೇ. ಪ್ರಜ್ಞಾಪನಾ ಸೂತ್ರವಂತೂ ಎಲ್ಲ ಚಿಗುರೂ ಮೂಡುವ ಗಳಿಗೆಯಲ್ಲಿ ಅನಂತ ಜೀವಗಳದ್ದೇ ಎನ್ನುತ್ತದೆ. ಬೆಳೆಯುತ್ತ ಅದು ಪ್ರತ್ಯೇಕವೂ ಆಗಬಹುದು, ಅನಂತವಾಗಿಯೇ ಉಳಿಯಲೂಬಹುದು. ಒಂದೋ ಹಲವೋ ಎಂಬುದನ್ನು ಹುಟ್ಟಿನಲ್ಲೇ ತೀರ್ಮಾನಿಸದ ಈ ತಾಳ್ಮೆ ದೊಡ್ಡದು. ಕುಂಡದ ಪಾಮ್‌ಗೆ ಹೆಚ್ಚು ಒಪ್ಪುವುದೂ ಇದೇ ಉತ್ತರ.

ಏಕೆಂದರೆ ಕಣ್ಣಿನ ಎಣಿಕೆ ಎರಡೂ ಕಡೆ ತಪ್ಪುತ್ತದೆ. ಕುಂಡ ತುಂಬಿದಂತೆ ಕಾಣಲೆಂದು ಅರೆಕಾ ಪಾಮ್‌ನ ಹಲವು ಸಸಿಗಳನ್ನು ಒಟ್ಟಿಗೆ ನೆಟ್ಟು ಮಾರುವುದು ನರ್ಸರಿಗಳ ವಾಡಿಕೆ. ಒಂದೇ ಗಿಡವೆಂದು ಮನೆಗೆ ತಂದದ್ದು ಹಲವು ಬೀಜಗಳಿಂದ ಹುಟ್ಟಿದ ಗುಂಪಾಗಿರುತ್ತದೆ. ರಾಪಿಸ್‌ನಲ್ಲಿ ತದ್ವಿರುದ್ಧ: ಮೇಲೆ ಹತ್ತಾರು ಕಾಂಡ, ಕೆಳಗೆ ಎಲ್ಲಕ್ಕೂ ಒಂದೇ ನಂಟು.

ಎಣಿಕೆ ಏನೇ ಇರಲಿ, ಮಿಟಿಸ್‌ನಲ್ಲಿ ಮೊದಲ ಹೂಗೊನೆ ಕಂಡ ಕೂಡಲೇ ಕಾಂಡ ಕಡಿಯಬೇಡಿ; ಅದಕ್ಕೆ ಇನ್ನೂ ಹಲವು ಗೊನೆಗಳ ಬಾಳುವೆ ಉಳಿದಿರುತ್ತದೆ. ಪೂರ್ತಿ ಒಣಗಿದ ಮೇಲೆ, ಬುಡದ ಕಂದುಗಳಿಗೆ ಏಟು ಬೀಳದಂತೆ ತೆಗೆಯಿರಿ. ಸುಳಿಯನ್ನಂತೂ ಮುಟ್ಟಲೇಬೇಡಿ. ಪಾಮ್‌ನ ಒಂದು ಕಾಂಡಕ್ಕೆ ಬೆಳೆಯುವ ತುದಿ ಒಂದೇ. ಅದು ಹೋದರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ.