ಕಸುಬು ಗಾಳಿಯಲ್ಲಿರುತ್ತದೆಯೇ?

ಒಂದು ಕಸುಬು ಒಂದೇ ಊರಿನಲ್ಲಿ ಏಕೆ ಬೇರು ಬಿಡುತ್ತದೆ ಎಂದು ಕೇಳಿದರೆ ಅರ್ಥಶಾಸ್ತ್ರ ಓದಿದವರು ಆಲ್ಫ್ರೆಡ್ ಮಾರ್ಷಲ್‌ನ ಹೆಸರು ಹೇಳಿ ಮಾತು ಮುಗಿಸುತ್ತಾರೆ. ಅಂಥ ಊರುಗಳಲ್ಲಿ ಕಸುಬಿನ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ, ಗಾಳಿಯಲ್ಲೇ ಬೆರೆತಿರುತ್ತದೆ, ಮಕ್ಕಳಿಗೆ ತಾನಾಗಿ ಬರುತ್ತದೆ ಎಂಬ ಅರ್ಥದ ಮಾತನ್ನು ಅವನು 1890ರಲ್ಲಿ ಬರೆದ.

ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾನು ಹುಟ್ಟಿದ್ದು ಇಳಕಲ್‌ನಲ್ಲಿ, ಮನೆಮನೆಗೂ ಮಗ್ಗವಿದ್ದ ಓಣಿಯಲ್ಲಿ. ಹದಿನೆಂಟು ವರ್ಷ ಆ ಗಾಳಿಯನ್ನೇ ಉಸಿರಾಡಿದೆ. ನನಗೆ ನೇಯಲು ಬರುವುದಿಲ್ಲ. ಅಣ್ಣನಿಗೆ ಬರುತ್ತದೆ, ಏಳನೇ ಇಯತ್ತೆಗೆ ಶಾಲೆ ಬಿಡಿಸಿ ಅಪ್ಪ ಅವನನ್ನು ಕುಣಿಮಗ್ಗಕ್ಕೆ ಇಳಿಸಿದ. ನೂಲಿಗೆ ಬಣ್ಣ ಹಾಕುವ ದಿನ ಬಾಗಿಲು ಮುಚ್ಚಿರುತ್ತಿತ್ತು. "ಯಾವ ಬಣ್ಣ ಎಷ್ಟು ಅಂತ ಮಂದಿಗೆ ಹೇಳಬ್ಯಾಡ" ಎಂದು ಅಪ್ಪ ತಾಕೀತು ಮಾಡುತ್ತಿದ್ದ. ನಮ್ಮ ಓಣಿಯಲ್ಲಿ ಕಸುಬು ಪುಕ್ಕಟೆ ಹರಿದಾಡಲಿಲ್ಲ. ಅದಕ್ಕೆ ಅಣ್ಣ ತನ್ನ ಓದು ತೆತ್ತ.

ಕಸುಬು ಎಲ್ಲಿ ನೆಲೆಸುತ್ತದೆ ಎಂದು ಸಾಗಣೆ ವೆಚ್ಚದ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ವೇಬರ್‌ನಂಥವರ ಬಗ್ಗೆ ನನಗೆ ತಕರಾರಿಲ್ಲ, ಆಸಕ್ತಿಯೂ ಇಲ್ಲ. ಆ ಲೆಕ್ಕ ನಮ್ಮೂರಿಗೆ ಹೊಂದದು: ರೇಷ್ಮೆಯನ್ನು ಬೆಂಗಳೂರು ಕಡೆಯಿಂದ, ಜರಿಯನ್ನು ಸೂರತ್‌ನಿಂದ ತರಿಸಿ ನೇಯುವ ಊರು ನಮ್ಮದು. ಹವೆಯ ವಾದವೂ ಅಷ್ಟೇ: ಬೆಂಗಳೂರು ತಂಪು ಹವೆಯಿಂದಲೇ ಬೆಳೆಯಿತು ಎನ್ನುವವರು ತಂಪಾಗಿದ್ದೂ ಹಾಗೆ ಬೆಳೆಯದ ಹಾಸನವನ್ನೂ ಒಮ್ಮೆ ನೋಡಿ ಬರಲಿ.

ಮಾರ್ಷಲ್‌ನನ್ನು ಮಾತ್ರ ಹಾಗೆ ದಾಟಿ ಹೋಗಲಾಗದು. ಮದುವೆಯಾದ ಹೊಸದರಲ್ಲಿ ಅಣ್ಣ ಒಳ್ಳೆಯ ಬೆಲೆ ಸಿಕ್ಕೀತೆಂದು ಬೆಂಗಳೂರಿಗೆ ಹೋಗಿ ಸಂಬಂಧಿಕರ ಶೆಡ್ಡಿನಲ್ಲಿ ಮಗ್ಗ ಹೂಡಿದ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಪ್ರತಿ ಸೀರೆಗೂ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಸೇರಿಸಬೇಕು. ಮನೆಯಲ್ಲಿ ಆ ಕೆಲಸ ಅಮ್ಮನದು, ಪಕ್ಕದ ಮನೆಯ ದೊಡ್ಡವ್ವನದು. ಬೆಂಗಳೂರಿನಲ್ಲಿ ಕೊಂಡಿ ಹಾಕುವವರು ಸಿಗಲಿಲ್ಲ. ಮಗ್ಗ ಕೆಟ್ಟರೆ ರಿಪೇರಿಗೆ ಜನವಿಲ್ಲ. ಮುಖ ನೋಡಿ ನೂಲು ಉದ್ರಿ ಕೊಡುವ ಸಾವುಕಾರನಂತೂ ಇಲ್ಲವೇ ಇಲ್ಲ. ಎಂಟು ತಿಂಗಳಿಗೆ ಅಣ್ಣ ವಾಪಸಾದ. ಕೈಯೊಳಗಿನ ಕಸುಬು ಕೈಯೊಳಗೇ ಇತ್ತು, ಆದರೂ ಸೀರೆ ಆಗಲಿಲ್ಲ.

ಒಂದು ಕಸುಬಿನ ಸುತ್ತ ಅದಕ್ಕೆ ಬೇಕಾದ ಪೂರಕ ಕಸುಬುಗಳು ಬೆಳೆಯುತ್ತವೆ ಎಂಬುದನ್ನೂ ಮಾರ್ಷಲ್ ಆ ಗಾಳಿಯ ಮಾತಿರುವ ಅಧ್ಯಾಯದಲ್ಲೇ ಹೇಳಿದ್ದಾನೆ. ನಾನು ಅದನ್ನು ತಡವಾಗಿ ಓದಿದೆ. ಕಸುಬು ಇರುವುದು ಒಬ್ಬನ ಕೈಯಲ್ಲಿ ಎಂದು ಹಟ ಹಿಡಿದಿದ್ದೆನಲ್ಲ, ಅದು ತಪ್ಪು. ಗಾಳಿ ಎಂಬುದು ಕೆಟ್ಟ ಹೋಲಿಕೆಯಾದರೂ ಅವನು ಕಂಡದ್ದು ನಿಜ.

ಹೀಗೆ ಒಪ್ಪಿಕೊಂಡ ಮೇಲೂ ನನಗೆ ಸಮಾಧಾನವಿಲ್ಲ. ಅಮ್ಮನ ಕೊಂಡಿಗೆ ಯಾರೂ ಕೂಲಿ ಕಟ್ಟಲಿಲ್ಲ. ಸೀರೆಯ ಬೆಲೆಯಲ್ಲಿ ಅದು ಸೊನ್ನೆ. ಅಣ್ಣ ಇಳಕಲ್‌ಗೆ ಮರಳಿದ್ದರಲ್ಲಿ ಊರಿನ ಆಸರೆ ಎಷ್ಟು, ಸಾವುಕಾರನ ತೀರದ ಬಾಕಿ ಎಷ್ಟು? ಕಸುಬು ಒಂದೆಡೆ ನೆಲೆ ನಿಲ್ಲುವುದು ಕಲಿಕೆಯಿಂದಲೋ, ಬೇರೆಲ್ಲಿಯೂ ಪುಕ್ಕಟೆ ಸಿಗದ ಹೆಂಗಸರ ದುಡಿಮೆಯಿಂದಲೋ? ಎರಡನ್ನೂ ಬಿಡಿಸಿ ನೋಡಲು ಹೊರಟವನು ನಾನು. ಆಗಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಣ್ಣ ಹಿಂದಿನ ಓಣಿಯ ಹೆಂಗಸೊಬ್ಬಳಿಗೆ ಕೂಲಿ ಕೊಟ್ಟು ಕೊಂಡಿ ಹಾಕಿಸುತ್ತಾನೆ. ಅವಳ ಮಗಳು ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕೊಂಡಿ ಹಾಕುವುದನ್ನು ಕಲಿತಿಲ್ಲ.