ಕೇಳುವವನ ಧರ್ಮ

ಯಾರ ಹಿತಕ್ಕಾಗಿ ವ್ಯವಸ್ಥೆಯೊಂದು ರೂಪುಗೊಳ್ಳುವುದೋ ಅವರ ಮಾತನ್ನು ಕೇಳಬೇಕೆಂಬುದು ಸರ್ವಸಮ್ಮತ. ಆದರೆ ಕೇಳುವವನು ಕುಳಿತಲ್ಲಿಯೇ ಕುಳಿತು, ಹೇಳಬೇಕಾದವನೇ ಬರಲೆಂದು ಕಾಯುವುದು ಧರ್ಮವೇ?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸರ್ಕಾರಿ ಉದ್ಯೋಗಸೇವೆಯು 1933ರ ಶಾಸನದಿಂದ ನೆಲೆಗೊಂಡಿತು. ಸುಗ್ಗಿಯನ್ನರಸಿ ಊರಿಂದೂರಿಗೆ ಅಲೆಯುವ ಕೃಷಿಕಾರ್ಮಿಕರಿಗೆ ಅದರಲ್ಲಿ ಸಮಾನ ನ್ಯಾಯ ದೊರೆಯುತ್ತಿಲ್ಲವೆಂಬ ದೂರು ನ್ಯಾಯಾಲಯವನ್ನು ಮುಟ್ಟಿತು. ಅದನ್ನು ಸರಿಪಡಿಸಲು 1974ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ರಿಚಿಯವರು ಆದೇಶವಿತ್ತರು. ಅದರ ಫಲವಾಗಿ ಬೆಳೆದ ನಿಯಮಗಳಂತೆ, ಪ್ರತಿ ರಾಜ್ಯವೂ ತನ್ನ ಸೇವಾಯೋಜನೆಯ ಕರಡನ್ನು ಕಾರ್ಮಿಕರ ಹಿತ ಕಾಯುವ ಸಂಘಗಳ ಮುಂದಿರಿಸಿ, ಅಭಿಪ್ರಾಯಕ್ಕೆ ಕನಿಷ್ಠ 30 ದಿನಗಳ ಅವಕಾಶ ಕೊಡಬೇಕು.

ಕಚೇರಿಗೆ ಮೂವತ್ತು ದಿನ ಅಲ್ಪಕಾಲ. ಹಣ್ಣು ಬಿಡಿಸುವವನಿಗೆ ಅಷ್ಟರಲ್ಲಿ ಊರೇ ಬದಲಾಗಿರಬಹುದು. ಕೆಲಸವೂ ವಸತಿಯೂ ಒಡೆಯನ ಕೈಯಲ್ಲಿರುವಾಗ ಅವನೆದುರು ಬಾಯಿಬಿಡುವವರಾರು? ಬಾರದ ಉತ್ತರವನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಅನ್ಯಾಯವೇ ಸರಿ.

ಸಿಬ್ಬಂದಿಯು ಕಾರ್ಮಿಕರು ದುಡಿಯುವ, ವಾಸಿಸುವ, ಸೇರುವ ಎಡೆಗಳಿಗೇ ಹೋಗಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಸೇವೆಗಳನ್ನು ವಿವರಿಸಬೇಕೆಂದೂ ಅದೇ ನಿಯಮಗಳು ವಿಧಿಸುತ್ತವೆ. ತಿಳಿಸಲು ಹೋಗುವ ಕಾಲು ಕೇಳಲೂ ಹೋಗಲಿ. ಸಂಘದವರ ಮಾತಿನೊಡನೆ ದುಡಿಯುವವನ ಮಾತೂ ದಾಖಲಾಗಲಿ. ಹೇಳಿದವನಿಗೆ ಹಾನಿ ತಟ್ಟದಿರಲಿ. ಹೇಳಿದ್ದರಿಂದ ಏನು ಬದಲಾಯಿತೆಂಬುದು ಅವನಿಗೆ ತಿಳಿಯಲಿ. ದುರ್ಬಲನು ನಡೆಯಬೇಕಾದ ದೂರವನ್ನು ಬಲ್ಲಿದನು ನಡೆದಾಗಲೇ ಕೇಳುವಿಕೆ ಸಾರ್ಥಕವಾದೀತು.